ನೋವಿಲ್ಲದ ಕಾಲು

ಪೋರ್ಚುಗಲ್ಲಿನ ಪೋರ್ತೊ ಊರಿನ ದೊಡ್ಡ ಚರ್ಚಿನ ಮೆಟ್ಟಿಲ ಬುಡದಲ್ಲಿ ಕೃಷ್ಣವೇಣಿ ಬೂಟಿನ ಲೇಸು ಬಿಚ್ಚತೊಡಗಿದಾಗ ಮಗ ಚಿನ್ಮಯ್ ಹಣೆ ಹಣೆ ಬಡಿದುಕೊಂಡ.

“ಅಮ್ಮಾ, ಪ್ಲೀಸ್! ಇಲ್ಲಿ ಯಾರೂ ಶೂ ತೆಗೆಯಂಗಿಲ್ಲ. ಎಲ್ಲಾರೂ ನಮ್ಮನ್ನ ನೋಡ್ಲಿಕತ್ತಾರ.”

“ನೋಡ್ಲಿ ಬಿಡು. ದೇವರು ಯಾರವನಾದ್ರೇನು, ಹೊಸ್ತಿಲಾ ಹೊಸ್ತಿಲನ. ನೀ ಹಾಕ್ಕೊಂಡ ಹೋಗಪಾ, ನರಕದಾಗ ಕಾಲರೆ ಸುಡಂಗಿಲ್ಲ.”

ವೆಂಕಣ್ಣ ನಗುತ್ತ ಹೆಂಡತಿಯ ಪಕ್ಕದಲ್ಲಿ ಬೂಟು ಬಿಟ್ಟರು. ಸಾಕ್ಸ್ ಮಾತ್ರ ತೆಗೆಯಲಿಲ್ಲ. ಕಲ್ಲು ಥಂಡಿ ಅದ ಎಂದರು. ಚಿನ್ಮಯ್ ಗೊಣಗುತ್ತ ತಾನೂ ಬಿಟ್ಟ. ಮಗಳು ಗಾರ್ಗಿ ನಾಲ್ಕೂ ಜೊತೆ ಬೂಟುಗಳನ್ನು ಗೋಡೆಯ ಬದಿಗೆ ಸರಿಸಿಟ್ಟು ಎಲ್ಲರಿಗಿಂತ ಹಿಂದೆ ಮೆಟ್ಟಿಲು ಹತ್ತಿದಳು. ಎಲ್ಲಿಗೆ ಹೋದರೂ ಹಿಂದೆ ಉಳಿಯುವುದು ಅವಳ ರೂಢಿ. ಓದು ಮುಗಿಸಿ ಡಾಲಸ್ ಹತ್ತಿರದ ಅಲೆನ್‌ನಲ್ಲಿ ಮನೆಯಲ್ಲೇ ಇದ್ದ ಹುಡುಗಿ. ಪಾರ್ಟಿಗೆ ಬಂದ ಆಂಟಿಯರು ಮಾತಾಡಿಸಿದರೂ ಬೆವರುತ್ತಿದ್ದಳು.

ಮರುದಿನ ಬೆಳಿಗ್ಗೆ ಇದೇ ಚರ್ಚಿನ ಅಂಗಳದಿಂದ ಅವರು ನಡೆಯಲು ಹೊರಡುವವರಿದ್ದರು. ಸ್ಪೇನಿನಲ್ಲಿ ಒಬ್ಬ ಸಂತನ ಗೋರಿಯವರೆಗೆ ಸಮುದ್ರದ ದಂಡೆ ಹಿಡಿದು ಹೋಗುವ ಹಳೆಯ ಯಾತ್ರೆಯ ದಾರಿ ಅದು. ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಕೀಮೊ ಹಾಕಿಸಿಕೊಳ್ಳುವಾಗ ಪಕ್ಕದ ಕುರ್ಚಿಯ ಹೆಂಗಸೊಬ್ಬಳು ಆ ದಾರಿಯ ಕಥೆಯನ್ನು ಕೃಷ್ಣವೇಣಿಗೆ ಹೇಳಿದ್ದಳು. “ಆರಾಮ ಆದ ಮ್ಯಾಲ ಹೋಗೂಣು” ಎಂದು ಆಕೆ ಆಗ ಹರಕೆ ಹೊತ್ತದ್ದು. ಆರಾಮವಾಯಿತು ಎನ್ನುವಷ್ಟರಲ್ಲಿ ರೋಗ ಯಕೃತ್ತಿಗೆ ಬಂದು ಕೂತಿತು. ಹೊಸ ಔಷಧಿ ಶುರುಮಾಡುವ ಮುಂಚೆ ಡಾಕ್ಟರು ಸ್ವಲ್ಪ ದಿನ ಬಿಡುವು ಕೊಟ್ಟರು. ಆಮೇಲೆ ಇಂಥ ಬಿಡುವು ಸಿಗುತ್ತದೆಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. “ಆದ್ರ ನೀವು ಬರದಿದ್ರ ನಾ ಹೋಗಂಗಿಲ್ಲ” ಎಂದು ಕೃಷ್ಣವೇಣಿ ಗಂಡನಿಗೆ ಹೇಳಿಬಿಟ್ಟಿದ್ದಳು. ಅಂದಿನಿಂದ ಇಬ್ಬರೂ ಲಿಟಲ್ ಎಲ್ಮ್‌ನ ಕೆರೆಯ ದಂಡೆಯಲ್ಲಿ, ಟೆಕ್ಸಸ್ಸಿನ ಆ ಬಿಸಿಲಲ್ಲಿ, ಹೊಸ ಬೂಟು ಹಾಕಿಕೊಂಡು ನಡೆದು ರೂಢಿ ಮಾಡಿಕೊಂಡಿದ್ದರು.

ಮೆಟ್ಟಿಲು ಮುಗಿದಲ್ಲಿ ಯಾರೋ ಬಿಯರ್ ಬಾಟಲಿ ಒಡೆದಿದ್ದರು. ಗಾರ್ಗಿ ಸುತ್ತು ಹಾಕಿ ದಾಟಿದಳು. ಒಳಗೆ ಹೋಗಿ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೆಲದ ಮೇಲೆ ಒಂದು ಗುರುತು ಕಂಡಿತು. ಮುಂದೆ ಇನ್ನೊಂದು. ಬರೀ ಬಲಗಾಲಿನವು, ಒದ್ದೆ, ಕೆಂಪು. ಅವು ಸಾಲಾಗಿ ಹೋಗಿ ಅಪ್ಪನ ಹತ್ತಿರ ನಿಂತಿದ್ದವು. ಅಪ್ಪ ಕತ್ತೆತ್ತಿ ಚಾವಣಿಯ ಕಮಾನು ನೋಡುತ್ತಿದ್ದರು.

“ಅಪ್ಪಾ, ಕಾಲು.”

ಅವರು ಕೆಳಗೆ ನೋಡಿದರು. ಮುಖದಲ್ಲಿ ನೋವಿರಲಿಲ್ಲ, ಸಿಕ್ಕಿಬಿದ್ದವರ ಕಳೆ ಇತ್ತು. ಕಂಬದ ಹಿಂದೆ ಬೆಂಚಿನ ಮೇಲೆ ಕೂರಿಸಿ ಗಾರ್ಗಿ ಸಾಕ್ಸ್ ಎಳೆದಳು. ಹಿಮ್ಮಡಿಯಲ್ಲಿ ಹಸಿರು ಗಾಜಿನ ಚೂರು ನಾಟಿತ್ತು. ಅದಲ್ಲ ಅವಳನ್ನು ಹೆದರಿಸಿದ್ದು. ಹೆಬ್ಬೆರಳಿನ ಬುಡದಲ್ಲಿ ಹಳೆಯ ಬ್ಯಾಂಡೇಜು ಸಡಿಲಾಗಿ, ಅದರಡಿ ಕಪ್ಪು ಅಂಚಿನ ಒಂದು ತೂತು ಕಾಣುತ್ತಿತ್ತು. ವಾಸನೆ ಬರುತ್ತಿತ್ತು.

“ಇದು ಯಾವಾಗಿಂದು?”

“ಅಲ್ಲೇ ಕೆರಿ ದಂಡ್ಯಾಗ. ಹೊಸ ಬೂಟು ಕಡೀತು. ಗುಳಿಗಿ ತಗೊಳ್ಳಿಕತ್ತೀನಿ.”

ಜೀವಮಾನವಿಡೀ ಸಕ್ಕರೆ ಕಾಯಿಲೆಯವರಿಗೆ ಔಷಧಿ ಕೊಟ್ಟ ಡಾಕ್ಟರು ಅವರು. ದಿನಾ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ ಎಂದು ಅವರು ರೋಗಿಗಳನ್ನು ಗದರುವುದನ್ನು ಗಾರ್ಗಿ ಚಿಕ್ಕಂದಿನಿಂದ ಫೋನಿನಲ್ಲಿ ಕೇಳಿದ್ದಳು. ಅವರಿಗೇ ಸಕ್ಕರೆ ಬಂದು ಕಾಲಿನ ಸ್ಪರ್ಶ ಹೋಗಿ ವರ್ಷಗಳಾಗಿದ್ದವು.

“ಅಮ್ಮಗ ಹೇಳಬ್ಯಾಡ” ಎಂದರು ಅಪ್ಪ, ಗಾಜು ಕಿತ್ತು ಕರವಸ್ತ್ರ ಬಿಗಿಯುತ್ತ. “ಹೇಳಿದ್ರ ಅಕಿ ಹೊರಡಂಗಿಲ್ಲ. ನನ್ನ ಕಾಲು ಆಮ್ಯಾಲ ನೋಡಿಕೊಂಡ್ರಾತು. ಅಕಿಗೆ ಆಮ್ಯಾಲ ಅನ್ನೂದು ಇಲ್ಲವ್ವಾ.”

ಅಮ್ಮ ಆಚೆ ಕಡೆಯಿಂದ ಬರುತ್ತಿದ್ದಳು. ದಾರಿಯುದ್ದಕ್ಕೂ ಮೊಹರು ಹಾಕಿಸಿಕೊಳ್ಳುವ ಯಾತ್ರಿಕರ ಚೀಟಿಗೆ ಮೊದಲ ಮೊಹರು ಬಿದ್ದಿತ್ತು. ಸ್ಕಾರ್ಫಿನ ಕೆಳಗೆ ಸೊರಗಿದ ಮುಖ ಅರಳಿತ್ತು. ಗಾರ್ಗಿ ಸಾಕ್ಸನ್ನು ಮೇಲಕ್ಕೆಳೆದು, ಮೆಟ್ಟಿಲಿಳಿದೊಡನೆ ಎಲ್ಲರಿಗಿಂತ ಮೊದಲು ಅಪ್ಪನ ಬೂಟು ತಂದು ತೊಡಿಸಿದಳು.

ಆ ಮಧ್ಯಾಹ್ನವೆಲ್ಲ ಊರು ನೋಡಿದರು. ನೀಲಿ ಟೈಲ್ಸ್ ಗೋಡೆಗಳ ರೈಲು ನಿಲ್ದಾಣ, ಕಡಿದಾದ ಓಣಿಗಳು, ಬಾಲ್ಕನಿಗಳಲ್ಲಿ ಒಣಗುವ ಬಟ್ಟೆ. ಹೋಟೆಲೊಂದರಲ್ಲಿ ಮೀನಿಲ್ಲದ ತಿಂಡಿ ಕೇಳಿದ್ದಕ್ಕೆ ಮಾಣಿ ಬೇಯಿಸಿದ ಆಲೂಗಡ್ಡೆ ತಂದಿಟ್ಟ. “ಆಸ್ಟಿನ್ನಿಂದ ರಜಾ ಹಾಕಿ ಬಂದದ್ದು ಇದಕ್ಕಾ?” ಎಂದು ಚಿನ್ಮಯ್ ನಗಿಸಿದ. ಗಾರ್ಗಿ ಅಪ್ಪನ ನಡಿಗೆಯನ್ನಷ್ಟೇ ನೋಡುತ್ತಿದ್ದಳು. ಅವರು ಕುಂಟುತ್ತಿರಲಿಲ್ಲ. ಕುಂಟಿದ್ದರೆ ಯಾರಾದರೂ ಕೇಳುತ್ತಿದ್ದರು, ಅವಳು ಬಾಯಿ ತೆರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಇಳಿಜಾರಿನ ಕಲ್ಲುಹಾಸಿನ ಮೇಲೆ ಅವರು ಊರಿದ ಒಂದೊಂದು ಹೆಜ್ಜೆಗೂ ಅವಳ ಹಲ್ಲು ಕಚ್ಚಿಕೊಳ್ಳುತ್ತಿತ್ತು.

ನದಿಯ ದಂಡೆಯಲ್ಲಿ ಕೂತಾಗ ಅಮ್ಮ ಅಪ್ಪನ ಮೊಣಕಾಲು ತಟ್ಟಿ, “ನೋಡ್ರಿ, ನೀವು ನನಗಿಂತಾ ಗಟ್ಟಿ ಇದ್ದೀರಿ. ನಾಳೆ ನಾನ ಹಿಂದ ಬೀಳ್ತೀನಿ” ಎಂದಳು.

“ಅಮ್ಮಾ” ಎಂದಳು ಗಾರ್ಗಿ. ದನಿ ಅವಳದೇ ಅನ್ನಿಸಲಿಲ್ಲ. “ಅಪ್ಪನ ಕಾಲು ಕೊಳೀಲಿಕತ್ತದ.”

ಅಪ್ಪ ನೀರಿನ ಕಡೆ ಮುಖ ತಿರುಗಿಸಿದರು. ಅಮ್ಮ ಪ್ರವಾಸಿಗರ ನಡುವೆಯೇ ನೆಲಕ್ಕೆ ಕೂತು, ಗಂಡನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೂಟು ಬಿಚ್ಚಿದಳು. ಕರವಸ್ತ್ರ ಬಿಚ್ಚಿದಳು. ಬಹಳ ಹೊತ್ತು ನೋಡಿದಳು.

“ಓ ಮೈ ಗಾಡ್” ಎಂದ ಚಿನ್ಮಯ್, ಟ್ಯಾಕ್ಸಿ ಕರೆಯಲು ಓಡಿದ.

ಅಮ್ಮ ತಲೆ ಎತ್ತಿದ್ದು ಮಗಳ ಕಡೆಗೆ. “ನಿನಗ ಯಾವಾಗ ಗೊತ್ತಾತು?”

“ಮುಂಜಾನೆ. ಚರ್ಚಿನ್ಯಾಗ.”

“ಮತ್ತ ಸಂಜೀತನಕಾ ಬಾಯಿ ಮುಚ್ಚಿಕೊಂಡಿದ್ದಿ. ಇನ್ನೊಂದ ದಿನ ಮುಚ್ಚಿಕೊಂಡಿದ್ರ? ನಾಳೆ ನಾ ಒಂದ ದಿನ ನಡೀತಿದ್ನಲ್ಲ ಗಾರ್ಗಿ. ಒಂದ ದಿನ.”

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ಗಾಯದೊಳಗೆ ಸಲಾಕೆ ಇಳಿಸಿದಳು. ಅದು ಎಲುಬಿಗೆ ತಾಗಿದ್ದು ವೆಂಕಣ್ಣನವರಿಗೆ ಸದ್ದಿನಿಂದ ತಿಳಿಯಿತು. ಅಲ್ಲಿಯವರೆಗೆ ಅವಳೊಡನೆ ವಾದಿಸುತ್ತಿದ್ದವರು ಸುಮ್ಮನಾದರು. ಕೀವು ಎಲುಬಿಗೆ ಇಳಿದಿದೆ, ಬೆರಳು ತೆಗೆಯಬೇಕು, ಬೆರಳಿಗೇ ಮುಗಿದರೆ ಅದೃಷ್ಟ ಎಂದಳು ಅವಳು. ಇನ್ನೂ ಕೆಲವು ದಿನ ತಡವಾಗಿದ್ದರೆ ಎಂದು ಶುರುಮಾಡಿ, ಕೃಷ್ಣವೇಣಿಯ ಮುಖ ನೋಡಿ ನಿಲ್ಲಿಸಿದಳು.

ಆ ರಾತ್ರಿ ವೆಂಕಣ್ಣನವರನ್ನು ಅಲ್ಲೇ ಉಳಿಸಿಕೊಂಡರು. ಬೆಳಿಗ್ಗೆ ಕೃಷ್ಣವೇಣಿ ನಡಿಗೆಯ ಬೂಟು ಹಾಕಿಕೊಂಡಳು. ಟ್ಯಾಕ್ಸಿ ಬೇಡ, ಆಸ್ಪತ್ರೆಗೆ ನಡೆದೇ ಬರುತ್ತೇನೆಂದಳು. ಗಾರ್ಗಿ ಹಿಂದೆ ಹೊರಟಳು. ಚರ್ಚಿನ ಅಂಗಳದಲ್ಲಿ ಬೆನ್ನಿಗೆ ಚೀಲ ಹೊತ್ತವರು ಗುಂಪುಗುಂಪಾಗಿ ಯಾತ್ರೆಯ ದಾರಿ ತೋರುವ ಹಳದಿ ಬಾಣದ ಗುರುತು ಹಿಡಿದು ಇಳಿಯುತ್ತಿದ್ದರು. ಒಬ್ಬ ಮುದುಕ ಇವರ ಬೂಟು ನೋಡಿ, ಇವರೂ ಯಾತ್ರಿಕರೇ ಎಂದುಕೊಂಡು, ಟೋಪಿ ಎತ್ತಿ ದಾರಿ ಶುಭವಾಗಲೆಂದು ತನ್ನ ಭಾಷೆಯಲ್ಲಿ ಹರಸಿದ. ಕೃಷ್ಣವೇಣಿ ಕೈ ಮುಗಿದಳು. ಬಾಣ ಬಿಟ್ಟು ಬೇರೆ ಓಣಿಗೆ ತಿರುಗಿದಳು.

ಏರು ದಾರಿ. ಅಮ್ಮನಿಗೆ ಉಸಿರು ಕಟ್ಟುತ್ತಿತ್ತು. ಗಾರ್ಗಿ ಕೈ ಚಾಚಿ ತೋಳು ಹಿಡಿದಳು. ಅಮ್ಮ ತೋಳನ್ನು ಬಿಡಿಸಿಕೊಂಡು, ಗೋಡೆ ಹಿಡಿದು ನಿಂತು, ಮತ್ತೆ ನಡೆದಳು.