ಬಿಳಿಯನ ಉಣ್ಣೆ

ಹಿಮದ ಮೇಲೆ ಬಂಡಿ ಎಳೆಯಬೇಕಾದ ನಾಯಿಯನ್ನು ಹೊಸಪೇಟೆಯ ಬಿಸಿಲಿಗೆ ತಂದು ಕಟ್ಟಿದವರ ಬುದ್ಧಿಗೆ ಏನು ಹೇಳೋಣ! ತಂದವರು ಲಾರಿ ಮಾಲೀಕ ಲಿಂಗರಾಜ್. ನಾಯಿಗೊಂದು ಕೋಣೆ, ಕೋಣೆಗೊಂದು ಎ.ಸಿ. ಅದರ ಇಂಗ್ಲಿಷ್ ಹೆಸರಿಗೆ ಕಾವಲುಗಾರ ಪಕ್ಕೀರಪ್ಪನ ನಾಲಿಗೆ ಹೊರಳುತ್ತಿರಲಿಲ್ಲ. ಅವನು ಬಿಳಿಯಾ ಅನ್ನುತ್ತಿದ್ದ, ಅದೂ ಬಾಲ ಅಲ್ಲಾಡಿಸುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಪಕ್ಕೀರಪ್ಪನ ಹೆಂಡತಿ ಜಂಬಕ್ಕ ತೀರಿಕೊಂಡಿದ್ದಳು. ಅವನು ಮಣ್ಣು ಮಾಡಿ ಬಂದ, ಉಂಡ, ಡ್ಯೂಟಿಗೆ ಹೋದ. ಬುತ್ತಿ ತರುವ ಅಕ್ಕ ದುರ್ಗಕ್ಕ ದಿನಾ ಗಂಟು ಬೀಳುತ್ತಿದ್ದಳು: "ಅತ್ತುಬಿಡೋ ತಮ್ಮಾ, ಎದಿ ಹಗುರಾಗ್ತದ." ಅಳುವುದಕ್ಕೆ ಒಳಗೆ ಏನಾದರೂ ಇರಬೇಕಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅನ್ನುವುದೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಮಾಲೀಕರ ಮನೆಯವರೆಲ್ಲ ಮದುವೆಗೆ ಹೋದಾಗ ಎ.ಸಿ. ಕೆಟ್ಟಿತು. ಮೆಕ್ಯಾನಿಕ್ ನಾಳೆ ಬರುತ್ತೇನೆಂದ. ನಾಲಿಗೆ ಚಾಚಿ ಬಿಳಿಯ ತೇಕತೊಡಗಿದ. ಕುರಿ ಕಾಯುತ್ತಲೇ ಬೆಳೆದವನಿಗೆ ಆ ಮೈ ನೋಡಿದರೆ ಇನ್ನೇನು ಹೊಳೆದೀತು? ಕುರಿಯ ಉಣ್ಣೆ ಕತ್ತರಿಸುವ ಹಳೆಯ ಕತ್ತರಿ ತಂದು ಕೂದಲನ್ನು ಬುಡಮಟ್ಟ ಕತ್ತರಿಸಿದ. ಒಳಗೆ ಮೆತ್ತನೆಯ ಉಣ್ಣೆ, ಮೇಲೆ ಉದ್ದ ಕೂದಲು, ಒಂದು ಚೀಲ ತುಂಬಿತು.

"ಜಂಬಕ್ಕ ಇದ್ದಿದ್ರ ಇದ್ರಾಗ ಮಸ್ತ್ ನೂಲು ತೆಗೀತಿದ್ಲಲೇ" ಅಂದ ನಾಯಿಗೆ. ಅಂದ ಮೇಲೂ ಎದೆಯಲ್ಲಿ ಏನೂ ಆಗಲಿಲ್ಲ.

ಗಾಳಿಯಾಡಲಿ ಅಂತ ನಾಯಿಯನ್ನು ಬೇವಿನ ನೆರಳಿಗೆ ಕಟ್ಟಿ, ನೀರಿಟ್ಟು, ಗೇಟಿನ ಹತ್ತಿರ ಕುರ್ಚಿ ಹಿಡಿದ. ಈಚೆಗೆ ಕೂತರೆ ಕೂತೇ ಬಿಡುತ್ತಿದ್ದ, ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಎದ್ದು ನೋಡಿದಾಗ ನೆರಳು ಎತ್ತಲೋ ಸರಿದಿತ್ತು. ಬೋಳು ಮೈ ಕೆಂಪಾಗಿ ಬಿಸಿಲಲ್ಲೇ ಬಿದ್ದಿದ್ದ ಬಿಳಿಯ.

ಆಟೋದಲ್ಲಿ ಹಾಕಿಕೊಂಡು ದನದ ಆಸ್ಪತ್ರೆಗೆ ಓಡಿದ. ಡಾಕ್ಟರ್ ತ್ರಿವೇಣಿ ನಾಯಿಯ ಮೈಗೆ ನೀರು ಹಾಕಿಸಿ, ಫ್ಯಾನ್ ಹಚ್ಚಿಸಿ, ಡ್ರಿಪ್ ಕೊಟ್ಟರು. ಆಮೇಲೆ ಕೇಳಿದರು, "ಯಾರ್ರೀ ಹಿಂಗ ಕತ್ತರಿಸಿದ್ದು?"

"ನಾನೇ ರೀ. ಸೆಕಿ ಆಗ್ತದಂತ. ಬದುಕ್ತೈತೇನ್ರೀ?"

"ಸಂಜೀ ಮಟ ನೋಡಬೇಕು. ಯಜಮಾನ್ರ, ಇದು ಕುರಿ ಅಲ್ಲ. ಒಳಗಿನ ಉಣ್ಣೆ ಗಾಳಿ ಹಿಡಿದಿಟ್ಕೊಂಡು ಮೈ ಬೆಚ್ಚಗಿಡ್ತದ. ಮ್ಯಾಲಿನ ಕೂದಲು ಹಿಮಾನೂ ತಡೀತದ, ಬಿಸಿಲೂ ತಡೀತದ. ಬ್ಯಾಸಿಗಿ ಬಂದ್ರ ಒಳಗಿನ ಉಣ್ಣೆ ತಾನೇ ಉದುರ್ತದ. ಬಾಚಿದ್ರ ಸಾಕಿತ್ತು, ಕತ್ತರಿ ಹಾಕಬಾರದಿತ್ತು."

ಮೂವತ್ತು ವರ್ಷ ಸಂಡೂರಿನ ಗುಡ್ಡಗಳಲ್ಲಿ ಸುಡು ಮಧ್ಯಾಹ್ನ ಕಂಬಳಿ ಹೊದ್ದು ತಿರುಗಿದವನು ಪಕ್ಕೀರಪ್ಪನೇ. ಈ ಬಿಸಿಲಲ್ಲಿ ಕಂಬಳಿ ಯಾಕೆ ಅಂತ ಪೇಟೆಯವರು ನಕ್ಕಾಗ, ಬಿಸಿಲಿಗೇ ಹೊದೆಯೋದು ಅಂತ ಬಾಯಿ ಮುಚ್ಚಿಸಿದ್ದ. ತನಗೆ ಗೊತ್ತಿದ್ದದ್ದು ನಾಯಿಯ ವಿಷಯಕ್ಕೆ ಮಾತ್ರ ಹೊಳೆಯಲಿಲ್ಲ. ತಪ್ಪಾಯಿತು ಅನ್ನುವುದು ತಲೆಗೆ ತಿಳಿಯಿತು, ಎದೆಗೆ ಮುಟ್ಟಲಿಲ್ಲ. ಅದೇ ಅವನಿಗೆ ಹೆದರಿಕೆ ತಂದಿತು.

ಸಂಜೆ ಹೊತ್ತಿಗೆ ತಲೆ ಎತ್ತಿ ಅವನ ಕೈ ಮೂಸಿದ ಬಿಳಿಯ. ಉಳಿದುಕೊಂಡ.

ಮರುದಿನ ಎ.ಸಿ. ಸರಿಹೋಯಿತು. ಲಿಂಗರಾಜ್ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು, ಇವನು ಹೂಂಗುಟ್ಟಿದ. ನಾಯಿಯ ಕೋಣೆಯ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಪಕ್ಕೀರಪ್ಪ ಟ್ರಂಕಿನಿಂದ ಕಂಬಳಿ ತೆಗೆದ. ಅದರ ನೂಲು ತೆಗೆದವಳು ಜಂಬಕ್ಕ. ಅವಳು ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ. ಕಿಟಕಿಗೆ ಅಡ್ಡ ಕಟ್ಟಿ ಬಿಳಿಯನ ಪಕ್ಕ ನೆಲದ ಮೇಲೆ ಕೂತ.

ಬುತ್ತಿ ಹಿಡಿದು ಬಂದ ದುರ್ಗಕ್ಕ ಕಂಬಳಿಯನ್ನು ಗುರುತು ಹಿಡಿದಳು. ಅವಳ ಕಣ್ಣು ತುಂಬಿತು. "ಅಯ್ಯೋ, ಇದನ್ನ ನೋಡಿದ ಮ್ಯಾಲಾದ್ರೂ ಒಂದ್ಸಲ ಅತ್ತುಬಿಡೋ ತಮ್ಮಾ" ಅಂದಳು.

ಪಕ್ಕೀರಪ್ಪ ನಾಯಿಯ ಬೋಳು ಬೆನ್ನಿನ ಮೇಲೆ ಕೈಯಿಟ್ಟ.

"ಕತ್ತರಿ ಹಾಕಬ್ಯಾಡಕ್ಕ" ಅಂದ. "ತಾನೇ ಉದುರ್ಲಿ."