ಹ್ಯಾಂಡಲಿಗೆ ಎರಡು ಕೊಂಬು

ನೀಲಾಳ ಬಲಗೈ ಮಣಿಕಟ್ಟಿನಲ್ಲಿ ಮೊದಲಿನ ಬಲವಿರಲಿಲ್ಲ. ಹಿಂದಿನ ವರ್ಷ ಅಭ್ಯಾಸದ ವೇಳೆ ಇಳಿಜಾರಿನಲ್ಲಿ ಹ್ಯಾಂಡಲಿನ ಹಿಡಿ ಸಡಿಲಾಗಿ ತಿರುಗಿ, ಬಿದ್ದು ಮೂಳೆ ಮುರಿದುಕೊಂಡಿದ್ದಳು. ಈಗ ಬರೆಯಲು, ಬಟ್ಟೆ ಹಿಂಡಲು ಏನೂ ತೊಂದರೆಯಿರಲಿಲ್ಲ. ಮೌಂಟನ್ ಬೈಕಿನ ನೇರ ಹ್ಯಾಂಡಲನ್ನು ಏರಿನಲ್ಲಿ ಸ್ವಲ್ಪ ಹೊತ್ತು ಒಂದೇ ರೀತಿ ಹಿಡಿದು ಎಳೆದರೆ ಮಾತ್ರ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಭಾನುವಾರ ರಾಜ್ಯದ ಜೂನಿಯರ್ ತಂಡದ ಆಯ್ಕೆ. ಮೊದಲ ಮೂವರಿಗೆ ಜಾಗ. ಮುಂದಿನ ವರ್ಷ ಅವಳ ವಯಸ್ಸು ಜೂನಿಯರ್ ವಿಭಾಗವನ್ನು ಮೀರುತ್ತಿತ್ತು.

ಕೋಚ್ ಜನಾರ್ದನ ಕ್ಲಬ್ಬಿನ ರೇಸ್ ಸೈಕಲ್ ಕೊಟ್ಟು, ಹ್ಯಾಂಡಲಿನ ಎರಡೂ ತುದಿಗೆ ಕೊಂಬು ಹಾಕಿಸಿಕೊ ಎಂದಿದ್ದರು. ಮುಂದಕ್ಕೆ ಚಾಚಿಕೊಂಡಿರುವ ಗಿಡ್ಡ ಹಿಡಿಗಳವು. ಏರಿನಲ್ಲಿ ಅವನ್ನು ಹಿಡಿದರೆ ಮಣಿಕಟ್ಟಿನ ಕೋನ ಬದಲಾಗಿ ನೋವು ತಗ್ಗುತ್ತದೆ. ಯಾವ ಥರದ್ದು ಎಂದು ಕೇಳಿದ್ದಕ್ಕೆ, ಕೈ ನಿನ್ನದು, ನೀನೇ ನೋಡಿಕೊ ಎಂದು ಫೋನ್ ಇಟ್ಟಿದ್ದರು.

ಶನಿವಾರ ಬೆಳಿಗ್ಗೆ ಅಪ್ಪ ಗುರುಸಿದ್ದಪ್ಪ ಅವಳನ್ನು ಸ್ಕೂಟರಿನಲ್ಲಿ ಬೇಗಂ ಬಜಾರಿಗೆ ಕರೆದೊಯ್ದ. ಅವನು ರೈಲ್ವೆಯಲ್ಲಿ ಬೋಗಿ ರಿಪೇರಿಯ ಫಿಟ್ಟರ್. ರಾಯಚೂರಿನ ಕಡೆಯಿಂದ ಈ ತೆಲುಗು ಊರಿಗೆ ಬಂದು ಮಲ್ಕಾಜ್‌ಗಿರಿಯಲ್ಲೇ ನೆಲೆನಿಂತವನು.

ಅಂಗಡಿಯವನು ಮೊದಲು ಬುಟ್ಟಿ ತೋರಿಸಿದ. ಆಮೇಲೆ ಕನ್ನಡಿ. ಆಮೇಲೆ ಬಣ್ಣದ ಜೂಲು. ಕೊಂಬು ಎಂದು ಕೈಯಲ್ಲಿ ಮಾಡಿ ತೋರಿಸಿದ ಮೇಲೆ ಒಳಗಿನಿಂದ ಧೂಳು ಹಿಡಿದ ಉಕ್ಕಿನ ಜೋಡಿಯೊಂದನ್ನು ತಂದ. ಗುರುಸಿದ್ದಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿದ.

"ಇದ ಇರ್ಲಿ. ಗಟ್ಟಿ ಐತಿ."

"ಅಪ್ಪಾ, ಇದನ್ನ ಹಾಕ್ಕೊಂಡ್ರ ನಾ ಗುಡ್ಡ ಏರಂಗಿಲ್ಲ, ಹಿಂದಕ್ಕ ಉರುಳ್ತೀನಿ."

"ಕೊಂಡಾಪುರದಾಗ ಪ್ಲಾಸ್ಟಿಕ್ ಕೊಡ್ತಾರ. ಅದನ್ನ ಹಾಕ್ಕೊ."

ಕೊಂಡಾಪುರದ ಅಂಗಡಿಯಲ್ಲಿ ಎ.ಸಿ. ಇತ್ತು, ಮೂರು ಥರದ ಕೊಂಬುಗಳಿದ್ದವು. ಮೆಕ್ಯಾನಿಕ್ ಭರತ ಎಲ್ಲವನ್ನೂ ಮೇಜಿನ ಮೇಲಿಟ್ಟ. ಉದ್ದನೆಯ ಬಾಗಿದ ಜೋಡಿ ಕೈಗೆ ಹಿತವಾಗಿತ್ತು, ಆದರೆ ಕಿರುದಾರಿಯಲ್ಲಿ ಪೊದೆಗೆ ಸಿಕ್ಕಿಕೊಳ್ಳುತ್ತಿತ್ತು. ಅಂಗೈಗೆ ಅಗಲ ಆಸರೆಯಿದ್ದ ಜೋಡಿಯನ್ನು ಹಾಕಿದರೆ ಗೇರಿನ ಲಿವರಿಗೆ ಹೆಬ್ಬೆರಳು ಎಟುಕುತ್ತಿರಲಿಲ್ಲ. ಗಿಡ್ಡನೆಯದು ಉಳಿಯಿತು. ಅದು ಕೈಗೆ ಚಿಕ್ಕದು. ಹಿಡಿದಾಗ ಕಿರುಬೆರಳು ಹೊರಗೇ ಉಳಿಯುತ್ತಿತ್ತು. ನೀಲಾ ಅದನ್ನೇ ತೆಗೆದುಕೊಂಡಳು.

ಭರತ ಸೈಕಲಿನ ಫೋಟೊ ನೋಡಿ ಹುಬ್ಬು ಗಂಟಿಕ್ಕಿದ. ಕ್ಲಬ್ಬಿನ ಹ್ಯಾಂಡಲ್ ಲೋಹದ್ದಲ್ಲ, ಕಾರ್ಬನ್ನಿನದು. ಹೆಚ್ಚು ಹಿಸುಕಿದರೆ ಕಬ್ಬಿಣದಂತೆ ತಗ್ಗು ಬೀಳುವುದಿಲ್ಲ, ಒಳಗೊಳಗೇ ಸೀಳುತ್ತದೆ, ಹೊರಗೆ ಕಾಣುವುದಿಲ್ಲ ಎಂದು ತೆಲುಗಿನಲ್ಲಿ ವಿವರಿಸಿದ. ಗುರುಸಿದ್ದಪ್ಪನ ಕಡೆ ತಿರುಗಿ, ತೀರಾ ಬಿಗಿ ಮಾಡಬೇಡಿ ಎಂಬಂತೆ, "ಅಂಕಲ್, ಜ್ಯಾದಾ ಟೈಟ್ ನಕ್ಕೋ ಕರ್ನಾ" ಎಂದ. ಕಡಿಮೆ ಬಿಗಿಯಲ್ಲೂ ಕೊಂಬು ಜಾರದಂತೆ ಹಚ್ಚುವ ಮರಳುಮರಳಾದ ಪೇಸ್ಟ್ ಒಂದಿದೆ, ಅದು ಬೇಕೇ ಬೇಕು ಎಂದ. ಅದೇ ಖಾಲಿಯಾಗಿತ್ತು. ಸೋಮವಾರ ಬರುತ್ತದಂತೆ.

"ರೇಸ್ ನಾಳೆ ಐತಿ" ಎಂದು ನೀಲಾ ಕನ್ನಡದಲ್ಲೇ ಹೇಳಿದಳು. ಭರತನಿಗೆ ಅರ್ಥವಾಗಲಿಲ್ಲ. ಬೋಲ್ಟಿನ ಬಿಗಿತ ಅಳೆಯುವ ಪಾನಾ ಒಂದನ್ನು ಎರವಲು ಕೊಟ್ಟ. ಸಾಕಾದಷ್ಟು ಬಿಗಿಯಾದೊಡನೆ ಅದು ಟಕ್ ಎನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು.

ದಾರಿಯಲ್ಲಿ ಇನ್ನೆರಡು ಅಂಗಡಿಗಳಲ್ಲಿ ಪೇಸ್ಟ್ ಕೇಳಿದರು, ಸಿಗಲಿಲ್ಲ. ಒಂದರಲ್ಲಿ ಗ್ರೀಸ್ ಕೊಡಲು ಬಂದರು.

ಮನೆಯಲ್ಲಿ ನೀಲಾ ಕೊಂಬು ಕೂರಿಸಿದಳು. ಪಾನಾ ಟಕ್ ಎಂದಿತು.

"ಮುಗೀತಾ?" ಎಂದ ಗುರುಸಿದ್ದಪ್ಪ. "ಬಾಟ್ಲಿ ಮುಚ್ಚಳ ಹಾಕಿದಂಗ ಆತು."

ಮೈಭಾರ ಹಾಕಿ ಎಳೆದಳು. ಎಡಗಡೆಯದು ನಿಂತಿತು, ಬಲಗಡೆಯದು ಕೂದಲೆಳೆಯಷ್ಟು ಜಾರಿತು. ಬಿಚ್ಚಿ ಒರೆಸಿ ಮತ್ತೆ ಕೂರಿಸಿದಳು. ಮತ್ತೆ ಜಾರಿತು. ಕೊಂಬಿಲ್ಲದೆ ಹೋದರೆ ಬೆರಳು ಜೋಮು ಹಿಡಿಯುತ್ತದೆ, ಹಾಕಿದರೆ ಇದು ತಿರುಗುತ್ತದೆ. ಪಾನಾ ನೆಲಕ್ಕೆ ಕುಕ್ಕಿದಳು.

"ಇನ್ನ ಅರ್ಧ ಸುತ್ತು ಕೊಡು."

"ಮುಟ್ಟಬ್ಯಾಡ ಅಪ್ಪಾ. ಇದು ನಿನ್ನ ಬೋಗಿ ಅಲ್ಲ."

"ಬೋಗಿ ಬೋಲ್ಟ್ ಹಿಂಗ ಬಿಟ್ರ ಸಾವಿರ ಮಂದಿ ಸಾಯ್ತಾರ."

"ಇಲ್ಲಿ ನಾ ಒಬ್ಬಾಕಿ ಅದೀನಿ. ಜಾರಿದ್ರ ಜಾರ್ಲಿ, ಸಾವಕಾಶ ಹಿಡೀತೀನಿ."

ಒಳಗಿನಿಂದ ಅವ್ವ ಪಾರ್ವತೆಮ್ಮ ಕೂಗಿದಳು: "ಅಪ್ಪ ಮಗಳು ಆ ಸೈಕಲ್ಲಿಗೆ ಆರತಿ ಮಾಡೋದು ಮುಗೀತಂದ್ರ ಉಣ್ಣಾಕ ಬರ್ರಿ. ರೊಟ್ಟಿ ಆರಾಕತ್ತಾವ."

ಭಾನುವಾರ ಬೆಳಿಗ್ಗೆ ನೀಲಾ ಸ್ನಾನಕ್ಕೆ ಹೋದಾಗ ಗುರುಸಿದ್ದಪ್ಪ ಸೈಕಲಿನ ಮುಂದೆ ಕೂತ. ಹೋದ ವರ್ಷ ಆಸ್ಪತ್ರೆಯಲ್ಲಿ ಅವಳ ಮೂಳೆ ಎಳೆದು ಕೂರಿಸುವಾಗ ಬಾಗಿಲ ಹೊರಗೆ ನಿಂತು ಅವಳ ಚೀರಾಟ ಕೇಳಿಸಿಕೊಂಡವನು ಅವನು. ಬಲಗೊಂಬಿನ ಬೋಲ್ಟಿಗೆ ತನ್ನ ಅಲೆನ್ ಕೀ ಹಾಕಿದ. ಬಲ ಸಾಲದೆನಿಸಿ ಅದಕ್ಕೊಂದು ಪೈಪಿನ ತುಂಡು ಸಿಕ್ಕಿಸಿದ. ಅರ್ಧ ಸುತ್ತು ತಿರುಗಿಸಿದಾಗ ಸಣ್ಣಗೆ ಚಿಟ್ ಎಂದಿತು. ಅವನ ಕೆಲಸದಲ್ಲಿ ಆ ಸದ್ದು ಬಂದರೆ ಬೋಲ್ಟ್ ಸರಿಯಾಗಿ ಕೂತಿತೆಂದು ಅರ್ಥ. ಎರಡೂ ಕೈಯಿಂದ ಕೊಂಬನ್ನು ತಿರುವಿ ನೋಡಿದ. ಅಲ್ಲಾಡಲಿಲ್ಲ. ಕೈ ಒರೆಸಿಕೊಂಡು ಎದ್ದ.

ರೇಸಿನ ಮೊದಲ ಏರಿನಲ್ಲಿ ನೀಲಾ ಐದನೆಯವಳಾಗಿದ್ದಳು. ಬಲಗೊಂಬು ಜಾರಲಿಲ್ಲ. ಅವಳಿಗೆ ಆಶ್ಚರ್ಯವಾಯಿತು, ಕಾರಣ ಯೋಚಿಸುವಷ್ಟು ಉಸಿರಿರಲಿಲ್ಲ. ಬೆರಳು ಜೋಮು ಹಿಡಿಯಲಿಲ್ಲ. ಇಬ್ಬರನ್ನು ದಾಟಿದಳು. ಕೊನೆಯ ಏರಿನಲ್ಲಿ ಮೂರನೆಯವಳಾಗಿದ್ದಾಗ ಸೀಟಿನಿಂದೆದ್ದು ಪೂರ್ತಿ ಬಲ ಹಾಕಿ ಎಳೆದಳು. ಹ್ಯಾಂಡಲಿನ ಬಲತುದಿ ಮುರಿದು ಕೊಂಬಿನ ಸಮೇತ ಅವಳ ಕೈಗೆ ಬಂತು.

ಜಲ್ಲಿಯ ಮೇಲೆ ಬಿದ್ದಳು. ಮೊಣಕಾಲು ತರಚಿತು, ಮಣಿಕಟ್ಟಿಗೆ ಏನೂ ಆಗಲಿಲ್ಲ. ಸೈಕಲ್ ತಳ್ಳಿಕೊಂಡು ಓಡಿದಳು. ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋದರು.

ಮುಕ್ತಾಯದ ಗೆರೆಯ ಬಳಿ ಗುರುಸಿದ್ದಪ್ಪ ಮುರಿದ ತುಂಡನ್ನು ಇಸಿದುಕೊಂಡು ತಿರುಗಿಸಿ ನೋಡಿದ. ಕೊಂಬು ಅದಕ್ಕೆ ಕಚ್ಚಿಕೊಂಡೇ ಇತ್ತು.

"ಬಿಗಿದಿ?" ಎಂದಳು ನೀಲಾ.

"ಮುಂಜಾನಿ."

"ಯಾಕ?"

"ಬೀಳ್ತಿ ಅಂತ."

"ಬಿದ್ದೀನಿ ನೋಡು."

ಅವಳು ಬೆನ್ನಿನ ನಂಬರಿನ ಪಿನ್ನು ಬಿಚ್ಚತೊಡಗಿದಳು. ಜನಾರ್ದನ ಬಂದು ಸೈಕಲನ್ನಷ್ಟೇ ನೋಡಿದರು.

ಕ್ಲಬ್ಬಿನ ಹ್ಯಾಂಡಲ್ ಒಂದು ಹೋಯಿತು. ಜೂನಿಯರ್ ತಂಡ ಸೇರಲು ಅವಳಿಗೆ ಉಳಿದಿದ್ದ ಒಂದೇ ವರ್ಷ ಹೋಯಿತು.