ಹನ್ನೆರಡು ಜೊತೆ ಕಾಲು

“ಏಯ್, ಕಾಲು ತೆಗಿಯೇ! ಗೋಮಾತೆ ತಿನ್ನೋ ಅನ್ನದ ಮೇಲೆ ಕುಣೀತಿದ್ದೀಯಲ್ಲೇ, ಕತ್ತೆ!”

“ತೆಗದು ಎಲ್ಲಿಡ್ಲಿರಿ ಸಾಹೇಬ್ರ? ತೆಲಿ ಮ್ಯಾಗ?”

ಮೊಣಕಾಲು ಮುಳುಗುವಷ್ಟು ಹುಲ್ಲಿನಲ್ಲಿದ್ದ ಪಾರ್ವತಿ ತುಳಿಯುವುದನ್ನು ನಿಲ್ಲಿಸದೆಯೇ ಕೇಳಿದಳು. ಗುಂಡಿಯೊಳಗಿದ್ದ ಉಳಿದ ಹನ್ನೊಂದು ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ದಂಡೆಯ ಮೇಲಿದ್ದ ಕೇಶವರಾಯರಿಗೆ ಮೈಯೆಲ್ಲ ಉರಿಯಿತು.

ವಡೋದರಾದ ಹೊರಗಿನ ಆ ಗೋಶಾಲೆಯಲ್ಲಿ ಯಾದಗಿರಿ ಕಡೆಯ ಈ ಹನ್ನೆರಡು ಮಂದಿಗೆ ಆರು ವರ್ಷದಿಂದ ಇದೇ ಕೆಲಸ. ನೇಪಿಯರ್ ಹುಲ್ಲು ಕೊಯ್ದು, ಬಾಡಿಸಿ, ಸಣ್ಣಗೆ ಕತ್ತರಿಸಿ ಗುಂಡಿಗೆ ಸುರಿಯುವುದು. ಒಳಗಿನ ಗಾಳಿಯೆಲ್ಲ ಹೋಗುವಂತೆ ತುಳಿದು, ಮೇಲೆ ಪ್ಲಾಸ್ಟಿಕ್ಕು, ಮಣ್ಣು ಮುಚ್ಚುವುದು. ಒಂದೂವರೆ ತಿಂಗಳಿಗೆ ಅದು ಹುಳಿಹುಳಿ ವಾಸನೆಯ ರಸಮೇವಾಗುತ್ತಿತ್ತು. ಮುನ್ನೂರು ಹಸು ಅದನ್ನೇ ತಿಂದು ಹಾಲು ಕೊಟ್ಟಿದ್ದವು. ಆ ಹಾಲು ಕುಡಿದ ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ. ಕೆಟ್ಟದ್ದು ಅಹಮದಾಬಾದಿನ ದಾನಿಯೊಬ್ಬರ ಮನಸ್ಸು. ಯಾರೋ ಕಳಿಸಿದ ವಿಡಿಯೋದಲ್ಲಿ ಪವಿತ್ರ ಮೇವಿನ ಮೇಲೆ ಕಾಲುಗಳನ್ನು ಕಂಡು ಅವರು ಊಟ ಬಿಟ್ಟರಂತೆ. ಸಂಜೆ ಮತ್ತೆ ಉಂಡರಂತೆ, ಆ ಮಾತು ಬೇರೆ.

ಕೇಶವರಾಯರು ಮೈಸೂರು ಕಡೆಯವರು. ಬ್ಯಾಂಕಿನಿಂದ ನಿವೃತ್ತರಾಗಿ ವಡೋದರಾದಲ್ಲೇ ಒಂದು ಫ್ಲ್ಯಾಟಿನಲ್ಲಿ ನೆಲೆಸಿದವರು. “ನಿಮ್ಮ ಜನರ ಹತ್ತಿರ ಮಾತಾಡೋಕೆ ನೀವೇ ಬೇಕು” ಎಂದು ಗೋಶಾಲೆಯ ಟ್ರಸ್ಟಿನವರು ಅವರನ್ನು ಸೇರಿಸಿಕೊಂಡಿದ್ದರು. ಬೈಯುವುದಕ್ಕಲ್ಲದೆ ಬೇರೆ ಯಾವುದಕ್ಕೂ ಅವರ ಕನ್ನಡ ಆ ಹೆಂಗಸರ ಹತ್ತಿರ ಸುಳಿದಿರಲಿಲ್ಲ.

“ಬೇರೆಯವರ ಕಾಲಾಗಿದ್ರೂ ಒಂದು ಮಾತು. ನಿಮ್ಮದು ಅಂದ್ರೆ...” ಎಂದು ರಾಯರು ನುಂಗಿಕೊಂಡರು.

“ಹೊಲಗೇರಿ ಕಾಲು ಅಂತ ಬಾಯಿಬಿಟ್ಟು ಅನ್ರಿ. ನಮಗೇನು ಹೊಸಾದಲ್ಲ,” ಎಂದಳು ಪಾರ್ವತಿ.

ಮರುವಾರ, ಕಾಲಿನ ಬದಲು ಯಂತ್ರ ಆರಿಸಲು ಟ್ರಸ್ಟಿನ ಸಮಿತಿ ಬಂತು. ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತಿತು. ಗುಂಡಿಗೆ ಮೇವು ತುಂಬಿ ಟ್ರ್ಯಾಕ್ಟರ್ ಹತ್ತಿಸಿ ಅದುಮುವುದು ಮೊದಲನೆಯ ದಾರಿ. ಟೈರೂ ಒಂದು ಬಗೆಯ ಕಾಲೇ ಅಲ್ಲವೇ ಎಂದು ಅಧ್ಯಕ್ಷ ರಸಿಕಭಾಯಿ ಸಂಶಯ ಎತ್ತಿದರು. ಟೈರು ರಬ್ಬರು, ಅದಕ್ಕೆ ಜಾತಿಯಿಲ್ಲ ಎಂದು ತೀರ್ಮಾನವಾಗಲು ಎರಡು ಸುತ್ತು ಚಹಾ ಬೇಕಾಯಿತು. ಆದರೆ ಡ್ರೈವರನಿಗೆ ಕಾಲಿದೆಯಲ್ಲ! ಅಲ್ಲಿಗೆ ಟ್ರ್ಯಾಕ್ಟರೂ ಬಿತ್ತು.

ಸೂರತ್‌ನಿಂದ ಬಂದ ಮಾರಾಟಗಾರ ಇನ್ನೊಂದು ಯಂತ್ರ ತೋರಿಸಿದ. ಹುಲ್ಲನ್ನು ಹಾಗೇ ಎತ್ತಿ ದುಂಡು ಹೊರೆಯಂಥ ಉರುಟು ಕಟ್ಟಿ ಪ್ಲಾಸ್ಟಿಕ್ ಸುತ್ತಿ ಬಿಡುತ್ತದೆ. ಕಾಲೂ ಇಲ್ಲ, ಕೈಯೂ ಇಲ್ಲ. ಕಟ್ಟುವ ಮೊದಲು ಹುಲ್ಲು ಎಷ್ಟು ಬಾಡಿರಬೇಕು ಎಂದು ಯಾರೂ ಕೇಳಲಿಲ್ಲ.

“ಬೆಲ್ಟು ಚರ್ಮದ್ದಲ್ಲ ತಾನೆ?” ಎಂದರು ರಸಿಕಭಾಯಿ.

“ಶುದ್ಧ ರಬ್ಬರ್, ಶೇಠ್.”

ಎಲ್ಲರೂ ತಲೆಯಾಡಿಸಿದರು. ಪಾರ್ವತಿಗೆ ತಡೆಯಲಾಗಲಿಲ್ಲ. “ಸಾಹೇಬ್ರ, ಈ ಹುಲ್ಲಿನ ದಂಟು ಬೆರಳಿನಷ್ಟು ದಪ್ಪ ಅದ. ಕತ್ತರಿಸದೇ ಸುತ್ತಿದ್ರ ಪ್ಲಾಸ್ಟಿಕ್ ಹರೀತದ. ಗಾಳಿ ಹೊಕ್ಕು ಬೂಸರ ಹತ್ತತದ.”

“ಎಂಜಿನಿಯರಮ್ಮ ಮಾತಾಡಿದಳು ನೋಡಿ,” ಎಂದು ರಾಯರು ಹಿಂದಿಯಲ್ಲಿ ಸಮಿತಿಗೆ ವರದಿ ಮಾಡಿದರು. ಸಮಿತಿ ಹೊಟ್ಟೆ ಕುಣಿಸಿ ನಕ್ಕಿತು.

“ಈ ಭಾಡ್ಯಾಗೋಳ ಬಾಯಾಗ ಮಣ್ಣು ಬೀಳ್ಲಿ,” ಎಂದಳು ಪಕ್ಕದಲ್ಲಿದ್ದ ಸಾವಿತ್ರಿ. ಪಾರ್ವತಿಗೆ ಬೈಯಲೂ ಮನಸ್ಸಾಗಲಿಲ್ಲ. ಯಂತ್ರ ಬಂದರೆ ಉರುಟು ಹೊರಲು ನಾಲ್ಕು ಮಂದಿ ಸಾಕು, ಉಳಿದ ಎಂಟು ಜನ ತಾವು ವಾಸವಿದ್ದ ಶೆಡ್ಡು ಖಾಲಿ ಮಾಡಬೇಕು. ಎಲ್ಲಿಗೆ ಹೋಗುವುದೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾದರಿಗೆಂದು ಅಂದೇ ಒಂದು ಉರುಟು ಕಟ್ಟಿಸಿದರು. ಒಂದೂವರೆ ತಿಂಗಳ ಮೇಲೆ ಅದನ್ನು ಬಿಚ್ಚುವ ಸಮಾರಂಭ. ಶಾಮಿಯಾನ ಹಾಕಿ, ಬಿಳಿ ಗಾದಿ ಹಾಸಿ, ಅಹಮದಾಬಾದಿನ ದಾನಿಯನ್ನು ನಡುವೆ ಕೂರಿಸಿದ್ದರು. ಉರುಟಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಪ್ಲಾಸ್ಟಿಕ್ ಸೀಳಿದರು. ಒಳಗೆಲ್ಲ ಬಿಳಿ ಬೂಸರು, ನಡುನಡುವೆ ಕಪ್ಪು ಲೋಳೆ. ವಾಸನೆಗೆ ದಾನಿಯ ಕರವಸ್ತ್ರ ಮೂಗಿಗೇರಿತು. ಪೂಜೆ ಮಾಡಿಸಿಕೊಂಡಿದ್ದ ಹಸು ಒಮ್ಮೆ ಮೂಸಿ ಮುಖ ತಿರುಗಿಸಿತು. ಹಗ್ಗ ಎಳೆದುಕೊಂಡು ಹೋಗಿ, ಹೆಂಗಸರು ಬೆಳಿಗ್ಗೆ ಗುಂಡಿಯಿಂದ ತೆಗೆದಿಟ್ಟಿದ್ದ ಮೇವಿಗೆ ಬಾಯಿ ಹಾಕಿತು. ಕಾಲಿನಿಂದ ತುಳಿದ ಮೇವು. ಹಿಡಿದು ಎಳೆದರೂ ಅಲ್ಲಾಡಲಿಲ್ಲ.

ಶಾಮಿಯಾನದಲ್ಲಿದ್ದವರೆಲ್ಲ ದಾನಿಯ ಮುಖ ನೋಡಿದರು.

“ಹಸುವಿಗೇನು ಗೊತ್ತು?” ಎಂದರು ಕೊನೆಗೆ ರಸಿಕಭಾಯಿ. “ಅದು ಪ್ರಾಣಿ.”

ಯಂತ್ರ ಕೊಳ್ಳುವುದೆಂದು ಅಲ್ಲೇ ಒಮ್ಮತವಾಯಿತು.

ಈಗ ಉಳಿದದ್ದು ಮೇವು ತುಳಿದವರ ಪ್ರಾಯಶ್ಚಿತ್ತ. ರಾಯರು ಹಿತ್ತಾಳೆ ತಂಬಿಗೆಯಲ್ಲಿ ನೀರು ಹಿಡಿದು ಬಂದರು. ಹಿಂದೆ ಒಬ್ಬ ಫೋನಿನಲ್ಲಿ ವಿಡಿಯೋ ಹಿಡಿದಿದ್ದ.

“ನೋಡಿ, ಒಬ್ಬೊಬ್ಬರಾಗಿ ಕಾಲು ತೊಳ್ಕೊಂಡು ಗೋಮಾತೆ ಮುಂದೆ ತಪ್ಪಾಯ್ತು ಅನ್ನಿ. ಚೆನ್ನಾಗಿ ಅತ್ತ ನಾಲ್ಕು ಜನರನ್ನ ಕೆಲಸಕ್ಕೆ ಇಟ್ಕೋತೀವಿ. ಪಾರ್ವತಿ, ನೀನೇ ಮೊದಲು ಬಾ. ನಿನ್ನ ಕೆಲಸಕ್ಕೆ ನಾನು ಜವಾಬ್ದಾರಿ.”

ಪಾರ್ವತಿ ತಿರುಗಿ ನೋಡಿದಳು. ಸಾವಿತ್ರಿ ತಲೆ ತಗ್ಗಿಸಿದ್ದಳು. ಅಳುವುದರಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಹನ್ನೊಂದು ಮಂದಿ ಒಬ್ಬರನ್ನೊಬ್ಬರು ಅಳೆದುಕೊಳ್ಳತೊಡಗಿದ್ದರು. ಅದನ್ನು ಕಂಡಾಗ ಅವಳಿಗೆ ಎಂದೂ ಬಾರದಷ್ಟು ಸಿಟ್ಟು ಬಂತು.

ಅವಳು ನೆಟ್ಟಗೆ ಹೋಗಿ ಬಿಳಿ ಗಾದಿಯ ಮೇಲೆ, ದಾನಿಯ ಎದುರಿಗೇ ಕೂತಳು. ಎರಡೂ ಕಾಲು ಅವರ ಮುಖದ ಕಡೆ ಚಾಚಿದಳು. ಹಿಮ್ಮಡಿ ಬಿರುಕಿನಲ್ಲಿ ಹುಲ್ಲಿನ ಕಲೆ ಹಸಿರಾಗಿ ಕೂತಿತ್ತು.

“ಏಯ್, ಏಳೇ! ಏನೇ ಇದು ಸೊಕ್ಕು?”

“ನೀರು ತಂದೋರು ನೀವ. ತೊಳೀಬೇಕಂದೋರು ನೀವ,” ಎಂದಳು ಪಾರ್ವತಿ. “ತೊಳೀರಿ.”

ಸಾವಿತ್ರಿ ಬಂದು ಪಕ್ಕದಲ್ಲಿ ಕೂತು ಕಾಲು ಚಾಚಿದಳು. ಆಮೇಲೆ ಇನ್ನೊಬ್ಬಳು, ಇನ್ನಿಬ್ಬರು. ಗಾದಿಯ ಮೇಲೆ ಜಾಗ ಸಾಲದೆ ದಾನಿ ಹಿಂದಕ್ಕೆ ಸರಿದರು. ರಾಯರು ತಂಬಿಗೆ ಹಿಡಿದುಕೊಂಡೇ ನಿಂತಿದ್ದರು. ವಿಡಿಯೋದವನಿಗೆ ನಿಲ್ಲಿಸು ಎಂದು ಹೇಳಬೇಕೆಂಬುದು ಅವರಿಗೆ ಹೊಳೆಯಲೇ ಇಲ್ಲ.